ಪಾತಾಳದ ಪಾಲುಪಟ್ಟಿ

ಹತ್ತು ಮನೆಗಳ ಹಾಲನ್ನು ಒಂದೇ ಹಂಡೆಗೆ ಸುರಿದಾದ ಮೇಲೆ, ಅದರಲ್ಲಿ ಯಾರ ಮನೆಯ ಹಾಲು ಎಷ್ಟೆಂದು ಹೇಳಬಲ್ಲವರುಂಟೆ? ಹಳ್ಳಿಯ ಹಾಲಿನ ಸಂಘದವರು ಈ ಪ್ರಶ್ನೆಗೆ ಎಡೆಗೊಡುವುದೇ ಇಲ್ಲ. ಸುರಿಯುವ ಮೊದಲೇ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬೆರೆಸುವುದು ಆಮೇಲಿನ ಮಾತು. ಆದರೆ ಬೆರಕೆಯು ಕಣ್ಣಿಗೆ ಕಾಣದ ಕಡೆ, ಅಳೆಯುವವನು ಹೋಗಿ ಕೂರಲಾರದ ಕಡೆ, ನೆಲದಡಿ ಸಾವಿರಾರು ಅಡಿಗಳ ಆಳದಲ್ಲಿ ನಡೆದುಹೋದರೆ ಗತಿಯೇನು? ಭೂಗರ್ಭದಿಂದ ಕಲ್ಲೆಣ್ಣೆಯನ್ನು ತೆಗೆಯುವವರಿಗೆ ಇದು ನಿತ್ಯದ ತೊಡಕು. ಆ ತೊಡಕನ್ನು ರಸಾಯನಶಾಸ್ತ್ರವು ಬಿಡಿಸಿದ ಬಗೆಯನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇನೆ.

ಎಣ್ಣೆಯ ಬಾವಿ ಎಂದೊಡನೆ ನೆಲದಡಿ ಒಂದು ದೊಡ್ಡ ಕೆರೆಯಿದೆ, ಅದರಲ್ಲಿ ಕಪ್ಪು ಎಣ್ಣೆ ತುಳುಕುತ್ತಿದೆ ಎಂದು ನಾವು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಎಣ್ಣೆಯು ಮರಳುಗಲ್ಲು ಸುಣ್ಣಗಲ್ಲುಗಳ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ, ಒದ್ದೆ ಇಟ್ಟಿಗೆಯೊಳಗೆ ನೀರು ಇರುವಂತೆ, ಅಡಗಿರುತ್ತದೆ. ಅಂಥ ಕಲ್ಲಿನ ಪದರವೂ ಒಂದೇ ಆಗಿರಬೇಕೆಂದಿಲ್ಲ. ಒಂದು ಮರಳುಗಲ್ಲಿನ ಪದರ, ಅದರ ಮೇಲೆ ಎಣ್ಣೆ ನುಸುಳಲಾಗದ ಜೇಡಿಗಲ್ಲಿನ ಪದರ, ಅದರ ಮೇಲೆ ಮತ್ತೊಂದು ಮರಳುಗಲ್ಲು, ಹೀಗೆ ಒಂದರ ಮೇಲೊಂದು ರೊಟ್ಟಿಯನ್ನು ಪೇರಿಸಿದಂತೆ ಹತ್ತಾರು ಪದರಗಳಿರುವುದುಂಟು. ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯ ಎಣ್ಣೆಯ ಕ್ಷೇತ್ರಗಳು ಬಹುಮಟ್ಟಿಗೆ ಈ ಬಗೆಯವು. ನಮ್ಮ ದೇಶದಲ್ಲಿ 1960ರಲ್ಲಿ ದೊರೆತ ಗುಜರಾತಿನ ಅಂಕಲೇಶ್ವರ ಕ್ಷೇತ್ರದಲ್ಲಿಯೂ ಎಣ್ಣೆಯಿರುವುದು ಹಲವು ಮರಳು ಪದರಗಳಲ್ಲಿ.

ಪ್ರತಿಯೊಂದು ಪದರಕ್ಕೂ ಬೇರೆ ಬೇರೆ ಬಾವಿಯನ್ನು ಕೊರೆದರೆ ಲೆಕ್ಕ ಸುಲಭವಾಗುತ್ತಿತ್ತು. ಆದರೆ ಆಳವಾದ ಬಾವಿಯೊಂದನ್ನು ಕೊರೆಯುವ ವೆಚ್ಚ ಅಪಾರ. ಸಮುದ್ರದ ನಡುವೆಯಾದರೆ ಹೇಳತೀರದು. ಪದರವು ತೆಳುವಾಗಿದ್ದರೆ ಅದರಿಂದ ಬರುವ ಎಣ್ಣೆ ಬಾವಿಯ ಖರ್ಚನ್ನೇ ತೀರಿಸಲಾರದು. ಆದುದರಿಂದ ಒಂದೇ ಬಾವಿಯನ್ನು ಎಲ್ಲ ಪದರಗಳ ಮೂಲಕವೂ ಇಳಿಸಿ, ಅದರ ಉಕ್ಕಿನ ಒಳಗವಸಿಗೆ ಪ್ರತಿ ಪದರದ ನೇರಕ್ಕೆ ತೂತುಗಳನ್ನು ಮಾಡುತ್ತಾರೆ. ಎಲ್ಲ ಪದರಗಳ ಎಣ್ಣೆಯೂ ಒಂದೇ ಕೊಳವೆಗೆ ನುಗ್ಗಿ, ಬೆರೆತು, ಮೇಲೇರಿ ಬರುತ್ತದೆ. ಮೇಲೆ ನಿಂತವನಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ: ಈ ದಿನ 200 ಪೀಪಾಯಿ ಎಣ್ಣೆ ಬಂದಿತು ಎಂದು. ಪೀಪಾಯಿ ಎಂದರೆ ಸುಮಾರು 159 ಲೀಟರು.

ಒಟ್ಟು ಗೊತ್ತಾದರೆ ಸಾಲದೆ, ಪಾಲು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಮೊದಲನೆಯದಾಗಿ ಹಕ್ಕಿನ ಮಾತು. ಅಮೆರಿಕದಲ್ಲಿ ಖಾಸಗಿ ಜಮೀನಿನ ಕೆಳಗಿನ ಎಣ್ಣೆಯ ಹಕ್ಕು ಜಮೀನಿನ ಒಡೆಯನಿಗೆ ಇರಬಹುದು. ಅವನು ಅದನ್ನು ಮಾರಿರಲೂಬಹುದು. ಎಣ್ಣೆ ತೆಗೆಯುವ ಕಂಪನಿಯು ಅವನಿಗೆ ಉತ್ಪನ್ನದ ಒಂದು ಭಾಗವನ್ನು ಸಲ್ಲಿಸಬೇಕು. ಎಂಟರಲ್ಲಿ ಒಂದು ಪಾಲು ಎಂಬುದು ಅಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಮೇಲಿನ ಪದರದ ಹಕ್ಕು ಒಬ್ಬನದು, ಕೆಳಗಿನ ಪದರದ ಹಕ್ಕು ಮತ್ತೊಬ್ಬನದು ಆಗಿರುವ ಸಂದರ್ಭಗಳೂ ಅಲ್ಲಿ ಉಂಟು. ಹಾಗಿರುವಾಗ ಬೆರೆತು ಬಂದ ಎಣ್ಣೆಯಲ್ಲಿ ಯಾರದೆಷ್ಟು ಎಂಬುದು ದಾಯಾದಿಗಳ ಪಾಲುಪಟ್ಟಿಗಿಂತ ಕಡಿಮೆ ತಂಟೆಯ ವಿಷಯವಲ್ಲ. ಬೇರೆ ಬೇರೆ ಕ್ಷೇತ್ರಗಳ ಎಣ್ಣೆಯು ಒಂದೇ ಕೊಳವೆಮಾರ್ಗದಲ್ಲಿ ಹರಿದು ದಡಕ್ಕೆ ಬರುವಾಗಲೂ ಇದೇ ಪ್ರಶ್ನೆ ತಲೆಯೆತ್ತುತ್ತದೆ.

ಎರಡನೆಯದು ಇನ್ನೂ ಗಂಭೀರವಾದುದು. ಯಾವ ಪದರದಿಂದ ಎಷ್ಟು ಬಂದಿದೆ ಎಂಬುದು ತಿಳಿಯದಿದ್ದರೆ, ಯಾವ ಪದರದಲ್ಲಿ ಎಷ್ಟು ಉಳಿದಿದೆ ಎಂಬುದೂ ತಿಳಿಯುವುದಿಲ್ಲ. ಕೆಳಗಿನ ಪದರವು ಧಾರಾಳವಾಗಿ ಕೊಡುತ್ತಿದೆಯೆಂದು ನಂಬಿ ಕೂತಿರುವಾಗ ಅದು ಬಾವಿಗೆ ಒಂದು ಹನಿಯನ್ನೂ ಕೊಡದೆ ಸುಮ್ಮನಿರಬಹುದು. ಇಷ್ಟೇ ಅಲ್ಲ, ಒಂದು ಪದರದ ಒತ್ತಡ ಹೆಚ್ಚು, ಇನ್ನೊಂದರದು ಕಡಿಮೆಯಾಗಿದ್ದರೆ, ಬಾವಿಯನ್ನು ಮುಚ್ಚಿದ ವೇಳೆಯಲ್ಲಿ ಮೊದಲನೆಯದರ ಎಣ್ಣೆ ಮೇಲಕ್ಕೆ ಬರುವ ಬದಲು ಎರಡನೆಯದರೊಳಕ್ಕೆ ನುಗ್ಗಿಬಿಡುತ್ತದೆ. ಮನೆಯ ದೀಪಕ್ಕೆಂದು ತಂದ ಎಣ್ಣೆ ನೆರೆಮನೆಯ ಗಡಿಗೆಯಲ್ಲಿ ಇಂಗಿದಂತೆ! ಹೀಗೆ ಲೆಕ್ಕ ತಪ್ಪಿದ ಕ್ಷೇತ್ರದಲ್ಲಿ ತೆಗೆಯಬಹುದಾಗಿದ್ದ ಎಣ್ಣೆಯು ಕಲ್ಲಿನಲ್ಲಿಯೇ ಉಳಿದುಬಿಡುತ್ತದೆ. ಲಕ್ಷಾಂತರ ವರ್ಷಗಳ ಪ್ರಕೃತಿಯ ದುಡಿಮೆ ಅಜ್ಞಾನದಿಂದ ನಷ್ಟವಾಗುತ್ತದೆ.

ಪಾಲನ್ನು ಅಳೆಯುವ ಹಳೆಯ ಉಪಾಯವೊಂದಿದೆ. ಉದ್ದನೆಯ ತಂತಿಯ ತುದಿಗೆ ಪುಟ್ಟ ತಿರುಗಣೆಯನ್ನು ಕಟ್ಟಿ ಬಾವಿಯೊಳಕ್ಕೆ ಇಳಿಬಿಡುತ್ತಾರೆ. ಹರಿಯುವ ಎಣ್ಣೆಯ ವೇಗಕ್ಕೆ ತಕ್ಕಂತೆ ಅದು ತಿರುಗುತ್ತದೆ. ಪ್ರತಿ ಪದರವನ್ನು ದಾಟುವಾಗಲೂ ವೇಗ ಎಷ್ಟು ಹೆಚ್ಚಿತೆಂಬುದನ್ನು ನೋಡಿ ಪಾಲನ್ನು ಗಣಿಸುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಖರ್ಚು ಹೆಚ್ಚು. ಬಾವಿಯ ಕೆಲಸಕ್ಕೆ ಅಡಚಣೆ. ಒಳಗೆ ಪಂಪು ಕೂತಿದ್ದರೆ ಉಪಕರಣವು ಇಳಿಯುವುದೇ ಕಷ್ಟ. ಬಾವಿಯು ಅಡ್ಡಡ್ಡಲಾಗಿ ಬಾಗಿ ಹೋಗಿದ್ದರೆ ಇನ್ನೂ ಕಷ್ಟ. ತಿಂಗಳಿಗೊಮ್ಮೆ ನೂರು ಬಾವಿಗಳಲ್ಲಿ ಇದನ್ನು ಮಾಡುತ್ತ ಕೂರಲು ಯಾವ ಕಂಪನಿಗೂ ಸಾಧ್ಯವಿಲ್ಲ. ಬಾವಿಯ ಬಾಯಿಯಲ್ಲಿ ಒಂದು ಪುಟ್ಟ ಸೀಸೆಯಷ್ಟು ಎಣ್ಣೆಯನ್ನು ಹಿಡಿದು, ಆ ಸೀಸೆಯಿಂದಲೇ ಉತ್ತರವನ್ನು ಹೊರಡಿಸುವಂತಾದರೆ ಹೇಗೆ? ಭೂರಸಾಯನಶಾಸ್ತ್ರಜ್ಞರು ಕೈಹಾಕಿದ್ದು ಇದಕ್ಕೆ.

ಇದು ಸಾಧ್ಯವಾಗಬೇಕಾದರೆ ಒಂದು ಪದರದ ಎಣ್ಣೆಗೂ ಇನ್ನೊಂದು ಪದರದ ಎಣ್ಣೆಗೂ ವ್ಯತ್ಯಾಸವಿರಬೇಕು. ಅದು ಬರುವುದು ಎಣ್ಣೆಯ ಹುಟ್ಟಿನಿಂದ. ಪ್ರಾಚೀನ ಸಮುದ್ರಗಳ ಪಾಚಿ, ದಡದ ಗಿಡಮರಗಳು, ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಹೂತು, ಭೂಮಿಯ ಕಾವಿನಲ್ಲಿ ಬೆಂದು ಎಣ್ಣೆಯಾದವು. ಪಾಚಿಯೇ ಹೆಚ್ಚಿದ್ದ ಕಡೆಯ ಎಣ್ಣೆ ಒಂದು ಬಗೆ. ಮರಗಿಡಗಳು ಹೆಚ್ಚಿದ್ದ ಕಡೆಯದು ಇನ್ನೊಂದು ಬಗೆ. ಹೆಚ್ಚು ಬೆಂದದ್ದು ಬೇರೆ, ಕಡಿಮೆ ಬೆಂದದ್ದು ಬೇರೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿರುವ ಪದರಗಳಲ್ಲಿ ಸೂಕ್ಷ್ಮಜೀವಿಗಳು ಎಣ್ಣೆಯ ಕೆಲವು ಅಂಶಗಳನ್ನು ತಿಂದು, ಉಳಿದುದನ್ನು ಗಟ್ಟಿಯಾಗಿಸುತ್ತವೆ. ಒಂದೇ ಮೂಲದಿಂದ ಬಂದ ಎಣ್ಣೆಯೇ ಎರಡು ಪದರಗಳನ್ನು ಬೇರೆ ಬೇರೆ ಕಾಲದಲ್ಲಿ ಸೇರಿದ್ದರೂ ಸೂಕ್ಷ್ಮ ಭೇದಗಳು ಉಳಿಯುತ್ತವೆ.

ಎಣ್ಣೆಗೆ ತನ್ನ ಹುಟ್ಟಿನ ನೆನಪಿದೆಯೆಂಬುದನ್ನು ಖಚಿತಪಡಿಸಿದವನು ಜರ್ಮನಿಯ ರಸಾಯನಜ್ಞ ಆಲ್ಫ್ರೆಡ್ ಟ್ರೈಬ್ಸ್. 1930ರ ದಶಕದ ನಡುವಿನಲ್ಲಿ ಅವನು ಕಲ್ಲೆಣ್ಣೆಯೊಳಗೆ ಪಾರ್ಫಿರಿನ್ ಎಂಬ ವಸ್ತುಗಳನ್ನು ಕಂಡು, ಅವು ಎಲೆಯ ಹಸುರಿನ ಅವಶೇಷಗಳೆಂದು ತೋರಿಸಿದನು. ಕೋಟ್ಯಂತರ ವರ್ಷಗಳ ಹಿಂದೆ ಬಿಸಿಲಿಗೆ ಮುಖವೊಡ್ಡಿದ್ದ ಹಸುರು ಈ ಕರಿಯ ದ್ರವದಲ್ಲಿ ಇನ್ನೂ ಗುರುತು ಸಿಕ್ಕುವಂತೆ ಉಳಿದಿತ್ತು! ಪಂಡಿತರು ಇಂಥವುಗಳನ್ನು ಜೀವಸೂಚಕಗಳೆಂದು ಕರೆಯುತ್ತಾರೆ.

ಗುರುತು ಇದೆಯೆಂದು ತಿಳಿದರೆ ಸಾಲದು, ಅದನ್ನು ಓದಲು ಬರಬೇಕು. ಕಲ್ಲೆಣ್ಣೆಯು ಸಾವಿರಾರು ಬಗೆಯ ಅಣುಗಳ ಸಂತೆ. ಆ ಸಂತೆಯನ್ನು ಚದುರಿಸಿ ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸುವ ವಿದ್ಯೆಯೂ ಎಲೆಯ ಹಸುರಿನಿಂದಲೇ ಹುಟ್ಟಿತೆಂಬುದು ವಿಸ್ಮಯದ ಸಂಗತಿ. ರಷ್ಯದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್ ಗಾಜಿನ ನಳಿಗೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ತುಂಬಿ, ಅದರ ಮೇಲೆ ಎಲೆಯ ಸಾರವನ್ನು ಸುರಿದನು. ಸಾರವು ಕೆಳಗಿಳಿಯುತ್ತಿದ್ದಂತೆ ಹಸುರು ಬೇರೆ, ಹಳದಿ ಬೇರೆಯಾಗಿ ಬಣ್ಣದ ಪಟ್ಟೆಗಳು ಮೂಡಿದವು. 1906ರಲ್ಲಿ ಅವನು ಈ ವಿಧಾನವನ್ನು ‘ಕ್ರೊಮಟೋಗ್ರಫಿ’ ಎಂದು ಕರೆದನು. ಬಣ್ಣದ ಬರಹ ಎಂದು ಅರ್ಥ. ತ್ಸ್ವೆತ್ ಎಂಬ ಅವನ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥ. ಮುಂದೆ 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ಅನಿಲವನ್ನು ವಾಹಕವಾಗಿಟ್ಟುಕೊಂಡು ಇದೇ ಕೆಲಸವನ್ನು ಮಾಡುವ ಬಗೆಯನ್ನು ಪ್ರಕಟಿಸಿದರು. ಆ ದಶಕದ ಕೊನೆಗೆ ಮಾರ್ಸೆಲ್ ಗೋಲೆ ಎಂಬವನು ಅತಿ ಸಣ್ಣ ಒಳವ್ಯಾಸದ ಉದ್ದ ಕೊಳವೆಯನ್ನು ಬಳಕೆಗೆ ತಂದನು.

ಇಂದು ಪ್ರಯೋಗಶಾಲೆಯಲ್ಲಿ ನಡೆಯುವುದು ಹೀಗೆ. ಕಾಲು ಮಿಲಿಮೀಟರಿನಷ್ಟು ಒಳವ್ಯಾಸದ, 30 ಅಥವಾ 60 ಮೀಟರ್ ಉದ್ದದ ಕೊಳವೆಯನ್ನು ಸುರುಳಿ ಸುತ್ತಿ ಒಲೆಯೊಳಗಿಡುತ್ತಾರೆ. ಒಂದು ತುದಿಯಲ್ಲಿ ಎಣ್ಣೆಯ ಅತಿ ಸಣ್ಣ ಹನಿ. ಅದನ್ನು ಮುಂದಕ್ಕೆ ಒಯ್ಯಲು ಹೀಲಿಯಂ ಅಥವಾ ಜಲಜನಕದ ಪ್ರವಾಹ. ಒಲೆಯ ಕಾವನ್ನು ಮೆಲ್ಲನೆ ಏರಿಸುತ್ತ ಹೋದರೆ ಹಗುರವಾದ ಅಣುಗಳು ಮೊದಲು, ಭಾರವಾದವು ಆಮೇಲೆ ಇನ್ನೊಂದು ತುದಿಯನ್ನು ತಲಪುತ್ತವೆ. ಅಲ್ಲಿ ಕಾದಿರುವ ಪುಟ್ಟ ಜ್ವಾಲೆಯಲ್ಲಿ ಒಂದೊಂದು ಬಗೆಯ ಅಣುವೂ ಉರಿದಾಗ ಯಂತ್ರವು ಕಾಗದದ ಮೇಲೆ ಒಂದೊಂದು ಶಿಖರವನ್ನು ಗೀಚುತ್ತದೆ. ಕೊನೆಗೆ ದೊರೆಯುವುದು ನೂರಾರು ಶಿಖರಗಳ ಒಂದು ಪರ್ವತಪಂಕ್ತಿ.

ಈ ಪಂಕ್ತಿಯಲ್ಲಿ ಎತ್ತರವಾದ ಶಿಖರಗಳು ಕಣ್ಣನ್ನು ಸೆಳೆಯುತ್ತವೆ. ಆದರೆ ಅವು ನೆರೆಯ ಪದರಗಳ ಎಣ್ಣೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ತೆರ ಇರಬಹುದು. ಬೇಧವನ್ನು ಬಿಟ್ಟುಕೊಡುವವು ಎರಡು ಎತ್ತರಗಳ ನಡುವೆ ಗುಡ್ಡಗಳಂತೆ ಕೂತಿರುವ ಸಣ್ಣ ಶಿಖರಗಳು. ನಮ್ಮ ಹಳಗನ್ನಡ ಗ್ರಂಥಗಳ ಸಂಪಾದನೆಯನ್ನು ಬಲ್ಲವರಿಗೆ ಇದು ಹೊಸತಾಗಿ ತೋರದು. ಒಂದು ಕಾವ್ಯದ ಹತ್ತು ಓಲೆಯ ಪ್ರತಿಗಳು ಸಿಕ್ಕಿದಾಗ, ಯಾವ ಪ್ರತಿ ಯಾವ ಮೂಲದಿಂದ ಇಳಿದುಬಂದಿತೆಂಬುದನ್ನು ಸಂಪಾದಕನು ಕಂಡುಕೊಳ್ಳುವುದು ಎಲ್ಲ ಪ್ರತಿಗಳಿಗೂ ಸಮಾನವಾದ ಪದ್ಯಗಳಿಂದಲ್ಲ. ಲಿಪಿಕಾರನು ಅಲ್ಲೊಂದು ಕೊಂಬನ್ನು ಬಿಟ್ಟಿರುತ್ತಾನೆ, ಇಲ್ಲೊಂದು ಪದವನ್ನು ಪಲ್ಲಟಿಸಿರುತ್ತಾನೆ. ಆ ಅಲ್ಪ ಪಾಠಾಂತರಗಳೇ ಪ್ರತಿಯ ವಂಶವನ್ನು ಸಾರುತ್ತವೆ. ಎಣ್ಣೆಯ ಪಾಠಾಂತರಗಳು ಈ ಕಿರುಶಿಖರಗಳು.

ಅಳೆಯುವವರು ಅಕ್ಕಪಕ್ಕದ ಎರಡು ಶಿಖರಗಳನ್ನು ಜೋಡಿಯಾಗಿ ಆರಿಸಿಕೊಳ್ಳುವುದಕ್ಕೂ ಒಂದು ಕಾರಣವುಂಟು. ಸೀಸೆಗೆ ತುಂಬುವಾಗ ಎಣ್ಣೆಯ ಹಗುರ ಭಾಗ ಸ್ವಲ್ಪ ಆವಿಯಾಗಿ ಹೋಗುವುದು ಸಹಜ. ಪಂಕ್ತಿಯಲ್ಲಿ ನೆರೆಹೊರೆಯವರಾದ ಎರಡು ಅಣುಗಳು ಆವಿಯಾಗುವುದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಆದುದರಿಂದ ಅವುಗಳ ಪರಸ್ಪರ ಪ್ರಮಾಣವು ಕೆಡುವುದಿಲ್ಲ.

ಈಗ ಲೆಕ್ಕವನ್ನು ನೋಡೋಣ. ಶಾಲೆಯ ಹುಡುಗರೂ ಇದನ್ನು ಮಾಡಬಲ್ಲರು. ಮೇಲಿನ ಪದರದ ಶುದ್ಧ ಎಣ್ಣೆಯಲ್ಲಿ ಒಂದು ಅಂಶವು 8 ಮಾನದಷ್ಟಿದೆ, ಕೆಳಗಿನ ಪದರದ ಶುದ್ಧ ಎಣ್ಣೆಯಲ್ಲಿ 3 ಮಾನದಷ್ಟಿದೆ ಎಂದಿಟ್ಟುಕೊಳ್ಳಿ. ಬೆರೆತ ಎಣ್ಣೆಯಲ್ಲಿ ಅದು 6 ಮಾನವೆಂದು ಕಂಡುಬಂದಿತು. ಬೆರಕೆಯೆಲ್ಲವೂ ಕೆಳಗಿನದೇ ಆಗಿದ್ದರೆ 3 ಇರಬೇಕಿತ್ತು. ಎಲ್ಲವೂ ಮೇಲಿನದಾಗಿದ್ದರೆ 5 ಹೆಚ್ಚಿ 8 ಆಗಬೇಕಿತ್ತು. ಹೆಚ್ಚಿರುವುದು 3 ಮಾತ್ರ. ಐದರಲ್ಲಿ ಮೂರು ಎಂದರೆ ಮೇಲಿನ ಪದರದ ಪಾಲು ನೂರಕ್ಕೆ 60, ಕೆಳಗಿನದು 40. ಬಾವಿಯ ಬಾಯಲ್ಲಿ ಅಳೆದ 200 ಪೀಪಾಯಿಗಳಲ್ಲಿ 120 ಮೇಲಿನ ಪದರದ್ದು, 80 ಕೆಳಗಿನದ್ದು.

ಒಬ್ಬ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಕೊಡಬಾರದು. ಇನ್ನೊಂದು ಅಂಶವನ್ನು ಕರೆದು ಕೇಳಬೇಕು. ಅದು ಮೇಲಿನದರಲ್ಲಿ 2, ಕೆಳಗಿನದರಲ್ಲಿ 7 ಇದ್ದರೆ, ನಮ್ಮ ಲೆಕ್ಕದ ಪ್ರಕಾರ ಬೆರಕೆಯಲ್ಲಿ 4 ಇರತಕ್ಕದ್ದು. ಇದ್ದರೆ ಸರಿ, ಇಲ್ಲದಿದ್ದರೆ ಎಲ್ಲಿಯೋ ಮೋಸವಾಗಿದೆ. ವಾಸ್ತವದಲ್ಲಿ ತಜ್ಞರು ಹತ್ತಾರು ಅಂಶಗಳನ್ನು ಒಟ್ಟಿಗೆ ವಿಚಾರಿಸಿ, ಎಲ್ಲಕ್ಕೂ ಆದಷ್ಟು ಹೊಂದುವ ಉತ್ತರವನ್ನು ಗಣಕಯಂತ್ರದಿಂದ ಪಡೆಯುತ್ತಾರೆ. ಪದರಗಳು ಮೂರು, ನಾಲ್ಕು ಆದಷ್ಟೂ ಸಾಕ್ಷಿಗಳ ಸಂಖ್ಯೆಯೂ ಹೆಚ್ಚಬೇಕು. ಇದಲ್ಲದೆ ಶುದ್ಧ ಎಣ್ಣೆಗಳನ್ನು ಗೊತ್ತಾದ ಪ್ರಮಾಣದಲ್ಲಿ ತಾವೇ ಬೆರೆಸಿ, ಆ ಬೆರಕೆಯ ಪಾಲನ್ನು ಯಂತ್ರವು ಸರಿಯಾಗಿ ಹೇಳುವುದೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸುತ್ತಾರೆ. ಅನುಕೂಲ ಸಂದರ್ಭಗಳಲ್ಲಿ ಉತ್ತರದ ತಪ್ಪು ನೂರಕ್ಕೆ ಕೆಲವೇ ಅಂಶಗಳನ್ನು ಮೀರುವುದಿಲ್ಲ.

ಈ ಮಾರ್ಗವನ್ನು ತೋರಿಸಿದವರಲ್ಲಿ ಕಾಫ್‌ಮನ್ ಮತ್ತು ಅವನ ಸಂಗಡಿಗರು ಮುಖ್ಯರು. ಅವರು ಬೆರೆತ ಎಣ್ಣೆಯ ಪಾಲನ್ನು ಗಣಿಸುವ ಹೊಸ ವಿಧಾನವನ್ನು 1987ರಲ್ಲಿ ಇಂಡೊನೇಷಿಯಾದ ಪೆಟ್ರೋಲಿಯಂ ಸಂಘದ ಸಮ್ಮೇಳನದಲ್ಲಿ ವಿವರಿಸಿದರು. 1990ರಲ್ಲಿ ಮೆಕ್ಸಿಕೋ ಕೊಲ್ಲಿಯ ಕ್ಷೇತ್ರಗಳ ನಿದರ್ಶನಗಳನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿರುವ ಸಿಮ್ರಿಕ್ ಕ್ಷೇತ್ರದ ಎಣ್ಣೆಯಾದರೋ ಬಲು ಗಟ್ಟಿ. ಸೂಕ್ಷ್ಮಜೀವಿಗಳು ತಿಂದುಳಿಸಿದ ಇಂಥ ಎಣ್ಣೆಯಲ್ಲಿ ವಾಡಿಕೆಯ ಶಿಖರಗಳೇ ಅಳಿಸಿಹೋಗಿರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳ ಬಾಯಿಗೆ ಸುಲಭವಾಗಿ ಸಿಕ್ಕದ ಜೀವಸೂಚಕಗಳನ್ನೇ ಸಾಕ್ಷಿಗೆ ಕರೆಯಬೇಕು. ಆ ಕ್ಷೇತ್ರದಲ್ಲಿ ಅವುಗಳ ಬಳಕೆಯನ್ನು ಕುರಿತ ಪ್ರಬಂಧವು 1996ರಲ್ಲಿ ಹೊರಬಂದಿತು.

ಈ ಗುರುತುಗಳು ಎಷ್ಟು ಗಟ್ಟಿಯಾದವು ಎಂಬುದಕ್ಕೆ ಅಲಾಸ್ಕದ ಒಂದು ಪ್ರಸಂಗವಿದೆ. 1989ರಲ್ಲಿ ಅಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಬಂಡೆಗೆ ತಾಗಿ ಅಪಾರವಾದ ಎಣ್ಣೆ ಸಮುದ್ರಕ್ಕೆ ಚೆಲ್ಲಿತು. ತರುವಾಯ ಆ ದಡಗಳಲ್ಲಿ ದೊರೆತ ಡಾಂಬರಿನ ಉಂಡೆಗಳನ್ನು ಪರೀಕ್ಷಿಸಿದ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರಿಗೆ, ಅವುಗಳಲ್ಲಿ ಅನೇಕವು ಆ ಹಡಗಿನವಲ್ಲ, ದೂರದ ಕ್ಯಾಲಿಫೋರ್ನಿಯಾದ ಎಣ್ಣೆಯವು ಎಂದು ತಿಳಿದುಬಂದಿತು. 1964ರ ಮಹಾಭೂಕಂಪದಲ್ಲಿ ಹಳೆಯ ವಾಲ್ಡೀಜ್ ಪಟ್ಟಣದ ದಾಸ್ತಾನು ತೊಟ್ಟಿಗಳು ಒಡೆದಾಗ ಅವು ಸಮುದ್ರವನ್ನು ಸೇರಿರಬೇಕೆಂದು ಅವರು ಊಹಿಸಿದರು. ಕಾಲು ಶತಮಾನ ಅಲೆಗಳು ಬಡಿದರೂ ಎಣ್ಣೆಯು ತನ್ನ ಊರಿನ ಹೆಸರನ್ನು ಮರೆತಿರಲಿಲ್ಲ.

ಹಾಗೆಂದು ಈ ವಿದ್ಯೆಯನ್ನು ಮಂತ್ರದಂಡವೆಂದು ತಿಳಿಯಲಾಗದು. ಎರಡು ಪದರಗಳ ಎಣ್ಣೆಯೂ ಎಲ್ಲ ವಿಧದಲ್ಲಿ ಒಂದೇ ಆಗಿದ್ದರೆ ಯಾವ ಶಿಖರವೂ ಸಾಕ್ಷಿ ನುಡಿಯದು. ಕೊರೆಯುವಾಗ ಬಳಸಿದ ಡೀಸೆಲ್ ಬೆರೆಸಿದ ಕೆಸರು ಮಾದರಿಗೆ ಸೇರಿದರೆ ಸಾಕ್ಷಿ ಕೆಡುತ್ತದೆ. ಸೀಸೆಯು ಹೇಳುವುದು ಅದನ್ನು ತುಂಬಿದ ದಿನದ ಪಾಲನ್ನು. ವರ್ಷವಿಡೀ ಅದೇ ಪಾಲು ನಡೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಆಗಾಗ ಮಾದರಿ ತೆಗೆಯುತ್ತಿರಬೇಕು. ಎಣ್ಣೆಯ ಜೊತೆಗೆ ಬರುವ ನೀರಿನ ಪಾಲನ್ನು ಎಣ್ಣೆಯ ಗುರುತು ಹೇಳಲಾರದು. ಅದಕ್ಕೆ ನೀರಿನ ಲವಣಗಳನ್ನೇ ವಿಚಾರಿಸಬೇಕು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಬೇರೊಂದಿದೆ. ಮೇಲಿನ ಲೆಕ್ಕದಲ್ಲಿ 8 ಮತ್ತು 3 ಎಂಬ ಅಂಕಿಗಳು ನಮಗೆ ಮೊದಲೇ ತಿಳಿದಿದ್ದವು. ಅವು ತಿಳಿಯದಿದ್ದರೆ 6 ಎಂಬ ಅಂಕಿಯೊಂದರಿಂದ ಏನೂ ಹೊರಡುತ್ತಿರಲಿಲ್ಲ. ಅಂದರೆ ಪ್ರತಿ ಪದರದ ಶುದ್ಧ ಎಣ್ಣೆಯ ಮಾದರಿಯನ್ನು, ಪದರಗಳನ್ನು ಬೆರೆಸುವ ಮುನ್ನವೇ ಹಿಡಿದು ಜೋಪಾನ ಮಾಡಿರಬೇಕು. ಬಾವಿಯನ್ನು ಪರೀಕ್ಷಿಸುವ ಆರಂಭದ ದಿನಗಳಲ್ಲಿ ಇದು ಸುಲಭ, ವೆಚ್ಚವೂ ಅತ್ಯಲ್ಪ. ಆದರೆ ಆ ದಿನಗಳಲ್ಲಿ ಯಾರಿಗೂ ಜಗಳದ ನೆನಪಿರುವುದಿಲ್ಲ. ಎಣ್ಣೆ ಬಂದಿತೆಂಬ ಸಂಭ್ರಮದಲ್ಲಿ ಸೀಸೆಯನ್ನು ಯಾರು ಕೇಳುತ್ತಾರೆ? ಹತ್ತು ವರ್ಷಗಳ ತರುವಾಯ ಉತ್ಪಾದನೆ ಕುಗ್ಗಿ, ಪಾಲುದಾರರು ಮುಖ ಗಂಟಿಕ್ಕಿ ಕೂತಾಗ ಸೀಸೆಯನ್ನು ಹುಡುಕುತ್ತಾರೆ. ಆಗ ಕೊರೆದು ತೆಗೆದಿಟ್ಟ ಕಲ್ಲಿನ ತುಂಡುಗಳಿದ್ದರೆ ಅವುಗಳಿಂದ ಎಣ್ಣೆಯನ್ನು ಹಿಂಡಿ ತೆಗೆದು ಕೆಲಸ ನಡೆಸಬಹುದು. ಈಗೀಗ ಅಮೆರಿಕದ ಜೇಡಿಗಲ್ಲಿನ ಕ್ಷೇತ್ರಗಳಲ್ಲಿ, ಕಲ್ಲನ್ನು ಬಿರಿಯಿಸಿದಾಗ ಯಾವ ಪದರದವರೆಗೆ ಬಿರುಕು ಮುಟ್ಟಿ ಎಣ್ಣೆ ಬರುತ್ತಿದೆಯೆಂಬುದನ್ನು ಹೀಗೆ ಕಂಡುಕೊಳ್ಳುವುದುಂಟು. ಆದರೆ ಕಲ್ಲಿನಿಂದ ಹಿಂಡಿದ ಎಣ್ಣೆಯು ಬಾವಿಯಿಂದ ಹರಿದುಬಂದ ಎಣ್ಣೆಗೆ ಪೂರ್ತಿ ಸಮವಲ್ಲ. ಹಗುರ ಭಾಗವು ಅದರಿಂದ ಹಾರಿಹೋಗಿರುತ್ತದೆ.

ಭಾರತವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ಕೊಳ್ಳುತ್ತಿರುವ ದೇಶ. ನಮ್ಮ ನೆಲದಲ್ಲಿರುವುದು ಸ್ವಲ್ಪ. ಆ ಸ್ವಲ್ಪದಲ್ಲಿಯೂ ಅಂಕಲೇಶ್ವರದಂಥ ಕ್ಷೇತ್ರಗಳು ಮುಪ್ಪಿಗೆ ಬಂದಿವೆ. ಎಳೆಯ ಕ್ಷೇತ್ರವು ಲೆಕ್ಕವಿಡದವನನ್ನೂ ಕೆಲಕಾಲ ಸಾಕೀತು. ಮುಪ್ಪಿನ ಕ್ಷೇತ್ರದಲ್ಲಿ ಯಾವ ಪದರ ಬರಿದಾಯಿತು, ಯಾವುದರಲ್ಲಿ ಇನ್ನೂ ಜೀವವಿದೆ ಎಂಬುದನ್ನು ಅರಿತವನಿಗೆ ಮಾತ್ರ ಮುಂದಿನ ದಾರಿ ಕಾಣುತ್ತದೆ. ಹೊಸ ಬಾವಿಯೊಂದು ಕಣ್ಣು ಬಿಟ್ಟ ದಿನ ಪದರಕ್ಕೊಂದರಂತೆ ಸೀಸೆಯನ್ನು ತುಂಬಿ, ಬಾಯಿಗೆ ಬಿಗಿಯಾದ ಬಿರಡೆಯನ್ನು ಹಾಕಿ, ಬಾವಿಯ ಹೆಸರು, ಆಳ, ತಾರೀಖುಗಳ ಚೀಟಿಯನ್ನು ಅಂಟಿಸಿ, ತಂಪಾದ ಕಡೆ ಇಟ್ಟು ಬೀಗ ಹಾಕುವ ಕೆಲಸಕ್ಕೆ ಅರ್ಧ ದಿನ ಸಾಕು. ಆ ಅರ್ಧ ದಿನದ ದುಡಿಮೆಯ ಬೆಲೆಯನ್ನು ಮೂವತ್ತು ವರ್ಷಗಳ ಮೇಲೆ ಬರುವ ಯಾರೋ ಒಬ್ಬ ಎಂಜಿನಿಯರು, ಬೀಗವನ್ನು ತೆರೆದಾಗ, ತಿಳಿಯುತ್ತಾನೆ.